ಕೀ ಕಾಕರ್: ಹವಳದ ದಿಬ್ಬ ನೋಡಿ ಹಾಕಿಕೊಂಡ ಪ್ರವಾಸ

ಮಧ್ಯ ಅಮೆರಿಕದ ಬೆಲೀಜ್ ದೇಶದ ಕೀ ಕಾಕರ್ ದ್ವೀಪಕ್ಕೆ ಹೋಗುವುದೆಂದು ಮನೆಯಲ್ಲಿ ನಿಕ್ಕಿಯಾದ ಮೇಲೆ ನಾನು ಹೋಟೆಲ್ ಹುಡುಕುವ ಮೊದಲು ಉಪಗ್ರಹ ನಕ್ಷೆ ತೆರೆದು ಕೂತೆ. ದ್ವೀಪದ ಪೂರ್ವಕ್ಕೆ ಒಂದೆರಡು ಕಿಲೋಮೀಟರ್ ಆಚೆ ಬಿಳಿ ನೊರೆಯ ಗೆರೆಯೊಂದು ಉತ್ತರ ದಕ್ಷಿಣವಾಗಿ ಹರಿದಿದೆ. ಅದೇ ಬೆಲೀಜ್‌ನ ಹವಳದ ದಿಬ್ಬ. ಎಲ್ಲಿ ಉಳಿಯಬೇಕು, ಎಲ್ಲಿ ನೀರಿಗಿಳಿಯಬೇಕು ಎಂಬುದನ್ನೆಲ್ಲ ನಾನು ಆ ಗೆರೆ ನೋಡಿಯೇ ತೀರ್ಮಾನಿಸಿದೆ.

ಕಡಲಿನ ಅಲೆ ಆ ದಿಬ್ಬದ ಮೇಲೆಯೇ ಒಡೆದುಹೋಗುತ್ತದೆ. ಒಳಗಿನ ನೀರಿಗೆ ಅಬ್ಬರವಿಲ್ಲ, ಆಳವೂ ಕಡಿಮೆ. ಹಾಗಾಗಿ ದಡದವರೆಗೂ ಕಡಲಹುಲ್ಲು ಬೆಳೆದಿದೆ. ಮೈಲುಗಟ್ಟಲೆ ಮರಳ ಬೀಚ್ ಬೇಕೆನ್ನುವವರು ಬೇರೆ ಕಡೆ ಹೋಗುವುದು ಒಳ್ಳೆಯದು. ಗಾಳಿ ಹೆಚ್ಚಾಗಿ ಪೂರ್ವದಿಂದ ಬೀಸುತ್ತದೆ, ಸಾರ್ಗಾಸಂ ಪಾಚಿ ರಾಶಿ ಬೀಳುವುದೂ ಆ ಬದಿಗೇ. ಅದಕ್ಕೆ ಪಶ್ಚಿಮ ಬದಿಯಲ್ಲಿ ಕೋಣೆ ಹಿಡಿದೆ. ಗಾಳಿ ತಾಗದ ಆ ಬದಿಯಲ್ಲಿ ಸಂಜೆ ಸೊಳ್ಳೆ ಜಾಸ್ತಿ, ಉದ್ದ ತೋಳಿನ ಅಂಗಿ ಬೇಕು.

ಬೆಲೀಜ್ ಸಿಟಿಯಿಂದ ವಾಟರ್ ಟ್ಯಾಕ್ಸಿಯಲ್ಲಿ ಮುಕ್ಕಾಲು ಗಂಟೆ. ದಾರಿಯುದ್ದಕ್ಕೂ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಪುಟ್ಟ ನಡುಗಡ್ಡೆಗಳು. ದ್ವೀಪದ ಬೀದಿಗಳಲ್ಲಿ ಸೈಕಲ್, ಗಾಲ್ಫ್ ಕಾರ್ಟ್ ಬಿಟ್ಟರೆ ಹೆಚ್ಚೇನೂ ಇಲ್ಲ. ನಡುವಿನ ಕಾಲುವೆಗೆ 'ಸ್ಪ್ಲಿಟ್' ಎಂದು ಹೆಸರು. 1961ರ ಹ್ಯಾಟಿ ಚಂಡಮಾರುತ ಅಲ್ಲಿ ದ್ವೀಪವನ್ನು ಸೀಳಿತು, ಆಮೇಲೆ ಊರವರು ದೋಣಿ ಓಡಾಡಲೆಂದು ಅದನ್ನು ಅಗೆದು ಅಗಲ ಮಾಡಿದರು. ಅಲ್ಲಿ ಈಜುವಾಗ ಸೆಳೆತ ನೋಡಿಕೊಳ್ಳಿ. ಬೆಲೀಜ್‌ನ 2 ಡಾಲರ್ ಅಮೆರಿಕದ 1 ಡಾಲರ್‌ಗೆ ಸಮ. ಬೆಲೆ ಕೇಳುವಾಗ ಯಾವ ಡಾಲರ್ ಎಂದೂ ಕೇಳಬೇಕು.

ಪ್ರವಾಸದ ಜೀವಾಳ ಇದ್ದದ್ದು ಹೋಲ್ ಚಾನ್‌ನಲ್ಲಿ. ಹವಳದ ದಿಬ್ಬ ಅಲ್ಲಿ ಬಾಯಿ ಬಿಟ್ಟಿದೆ, ಒಳನೀರು ಹೊರಕಡಲು ಸೇರುವ ಕಿಂಡಿ ಅದು. 1987ರಿಂದ ಸಂರಕ್ಷಿತ ಪ್ರದೇಶ. ಬೆಳಿಗ್ಗೆ ಬೇಗ ಹೊರಡುವ ಸಣ್ಣ ದೋಣಿ, ಪರವಾನಗಿ ಇರುವ ಗೈಡ್, ಇವೆರಡನ್ನು ಖಾತ್ರಿ ಮಾಡಿಕೊಂಡೇ ಹಣ ಕಟ್ಟಿದೆ. ಸನ್‌ಸ್ಕ್ರೀನ್ ಬದಲು ಮೈಮುಚ್ಚುವ ಈಜುಬಟ್ಟೆ ಹಾಕಿದೆ, ಹವಳಕ್ಕೆ ರಾಸಾಯನಿಕ ತಾಗುವುದು ಬೇಡವೆಂದು. ಪಕ್ಕದ ಶಾರ್ಕ್ ರೇ ಆ್ಯಲಿಯಲ್ಲಿ ಮೀನುಗಾರರು ಹಿಂದೆ ಮೀನು ಕೊಯ್ದು ತೊಳೆಯುತ್ತಿದ್ದರು. ಆ ರುಚಿ ಹಿಡಿದ ನರ್ಸ್ ಶಾರ್ಕ್‌ಗಳೂ ತೊರಕೆ ಮೀನುಗಳೂ ಈಗಲೂ ದೋಣಿಯ ಸದ್ದಿಗೆ ಸೇರುತ್ತವೆ. ಮುಟ್ಟದೆ, ಕೈಕಾಲು ಬಡಿಯದೆ ತೇಲುತ್ತಾ ನಿಂತರೆ ಸಾಕು, ಅವೇ ನಮ್ಮ ಕೆಳಗೆ ಹಾದುಹೋಗುತ್ತವೆ. ನನಗೆ ಅಷ್ಟು ಸಂತೋಷ ಕೊಟ್ಟ ಬೆಳಗು ಇನ್ನೊಂದಿಲ್ಲ.

ಈ ದಿಬ್ಬ 1996ರಿಂದ ವಿಶ್ವ ಪರಂಪರೆಯ ತಾಣ. ಕಾಂಡ್ಲಾ ಕಡಿತದಂಥ ಕಾರಣಗಳಿಗೆ 2009ರಲ್ಲಿ ಅಪಾಯದಲ್ಲಿರುವ ಪರಂಪರೆ ತಾಣಗಳ ಪಟ್ಟಿ ಸೇರಿತ್ತು. ಸರ್ಕಾರ ಕಡಲಿನ ತೈಲ ಶೋಧವನ್ನು ಕಾನೂನು ಮಾಡಿ ನಿಲ್ಲಿಸಿದ ಮೇಲೆ, 2018ರಲ್ಲಿ ಪಟ್ಟಿಯಿಂದ ಹೊರಬಂತು. ಕಡಲನ್ನೇ ನಂಬಿ ಬದುಕುವ ಪುಟ್ಟ ದೇಶವೊಂದು ಹಾಗೆ ಗಟ್ಟಿಯಾಗಿ ನಿಂತದ್ದು ದೊಡ್ಡ ಮಾತು.

ಬ್ಲೂ ಹೋಲ್‌ಗೆ ದೋಣಿಯಲ್ಲಿ ಹೋಗಲಿಲ್ಲ. ಅದು ಕಡಲಿನೊಳಗಿನ ಆಳವಾದ ದುಂಡು ಗುಂಡಿ. 300 ಮೀಟರ್ ಅಗಲದ ಆ ವೃತ್ತ ನೀರಿನ ಮಟ್ಟದಿಂದ ಕಾಣುವುದೇ ಇಲ್ಲ, ಡೈವ್ ಮಾಡದವರಿಗೆ ಪುಟ್ಟ ವಿಮಾನವೇ ಸರಿ. ಆ ಹಣದಲ್ಲಿ ನಾನು ತೀರದ ಬಳಿಯ ಸ್ವಾಲೋ ಕೀಗೆ ಹೋದೆ. ಅಲ್ಲಿ ಮ್ಯಾನಟೀ ಎಂಬ ಕಡಲ ಸಸ್ತನಿಗಳಿರುವ ಜಾಗ ಬಂದೊಡನೆ ಎಂಜಿನ್ ನಿಲ್ಲಿಸಿ ಜಲ್ಲೆ ಊರಿ ದೋಣಿ ನಡೆಸುತ್ತಾರೆ. ನೀರಿಗಿಳಿಯುವಂತಿಲ್ಲ, ಅವು ಉಸಿರಾಡಲು ಮೂಗು ಮೇಲೆತ್ತುವವರೆಗೆ ಕಾಯಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ, ಆಗ ಟಿಕೆಟ್ ತೆಗೆಯುವವರು ರದ್ದತಿ ಷರತ್ತು ಓದಿಯೇ ತೆಗೆಯಲಿ.