ಮಾಡೆಲ್ ರೈಲಿನ ಫೋಟೋ: ಯಡಕುಮರಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದ ಹಾಗೆ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ, ಯಡಕುಮರಿ ಸ್ಟೇಷನ್ ಇರುವ ದಾರಿಯಲ್ಲಿ, ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್) ರೈಲು ಓಡಿದ್ದು ಹೆಚ್ಚು ವರ್ಷವೇನಲ್ಲ. ಹಾಸನ–ಮಂಗಳೂರು ದಾರಿ ಪೂರ್ತಿ ತೆರೆದದ್ದು 1979ರಲ್ಲಿ. 1996ರಲ್ಲಿ ಬ್ರಾಡ್ ಗೇಜ್ (ಅಗಲ ಹಳಿ) ಮಾಡಲು ಅದನ್ನು ಮುಚ್ಚಿದರು. 57 ಸುರಂಗಗಳು, 50ಕ್ಕೆ 1ರ ಏರು, ಮಳೆ, ಕಾಡು ಎಲ್ಲ ಈಗಲೂ ಇವೆ. ಆದರೆ ಆ ಸಣ್ಣ ಹಳಿ, ಆ ವೈಡಿಎಂ-4 ಡೀಸೆಲ್ ಎಂಜಿನ್ ಇಲ್ಲ. ಅವು ಒಟ್ಟಿಗೆ ಕಾಣುವ ಫೋಟೋ ಬೇಕೆಂದರೆ ಇನ್ನು ಮಾಡೆಲ್‌ನಲ್ಲೇ ತೆಗೆಯಬೇಕು. ನನ್ನ ಲೇಔಟ್, ಅಂದರೆ ಹಳಿ, ಗುಡ್ಡ, ಸುರಂಗಗಳ ಮಾಡೆಲ್, ಹುಟ್ಟಿದ್ದೇ ಈ ಆಸೆಯಿಂದ. ಹಾಗಾಗಿ ಲೇಔಟ್ ಕಟ್ಟುವಷ್ಟೇ ಹೊತ್ತು ಅದರ ಫೋಟೋ ತೆಗೆಯುವುದಕ್ಕೂ ಕೊಡುತ್ತೇನೆ.

ಲೇಔಟ್ ಎಚ್‌ಒ ಅಳತೆಯದು. ಅಂದರೆ 1:87, ನಿಜವಾದದ್ದರ 87ನೇ ಒಂದು ಭಾಗ. ಮೀಟರ್ ಗೇಜನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರ್ ಬರುತ್ತದೆ. ಮಾರುಕಟ್ಟೆಯಲ್ಲಿ ಸಿಗುವ 12 ಮಿಲಿಮೀಟರ್ ಹಳಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಬ್ರಾಡ್ ಗೇಜ್ ಮಾಡೆಲ್ ಮಾಡುವವರು ಸಾಮಾನ್ಯವಾಗಿ 16.5 ಮಿಲಿಮೀಟರ್ ಹಳಿ ಹಾಕುತ್ತಾರೆ. ಲೆಕ್ಕದಲ್ಲಿ 19 ದಾಟಬೇಕು. ಎದುರಿನಿಂದ ಫೋಟೋ ತೆಗೆದರೆ ಆ ಕೊರತೆ ಕಣ್ಣಿಗೆ ಬೀಳುತ್ತದೆ. ನನಗೆ ಆ ತೊಂದರೆ ಇಲ್ಲ, ಎಂಜಿನ್ನಿನ ಎದುರಿಗೇ ನಿಂತು ತೆಗೆಯಬಹುದು.

ಮಾಡೆಲ್ ಫೋಟೋ ಆಟಿಕೆಯ ಫೋಟೋ ಥರ ಕಾಣಲು ಎರಡು ಕಾರಣ. ಮೊದಲನೆಯದು ಎತ್ತರ. ಟೇಬಲ್ ಪಕ್ಕ ನಿಂತು ತೆಗೆದರೆ ಅದು ಹೆಲಿಕಾಪ್ಟರಿನಿಂದ ನೋಡಿದ ಹಾಗೆ. ನಿಂತ ಮನುಷ್ಯನ ಕಣ್ಣು ನೆಲದಿಂದ ಸುಮಾರು 1.6 ಮೀಟರ್ ಮೇಲಿರುತ್ತದೆ. 1:87ರಲ್ಲಿ ಅದು ಬರೀ 18 ಮಿಲಿಮೀಟರ್! ಲೆನ್ಸಿನ ನಡುಭಾಗ ಅಲ್ಲಿ ಬರಬೇಕು. ಕ್ಯಾಮೆರಾವನ್ನು ಹಳಿಯ ಮೇಲೇ ಇಟ್ಟರೂ ಲೆನ್ಸು ಅದಕ್ಕಿಂತ ಮೇಲೇ ಇರುತ್ತದೆ. ಅದಕ್ಕೆ ನನ್ನ ಲೇಔಟಿನ ಮುಂಚೂಣಿಯ ಎರಡು ತುಂಡುಗಳನ್ನು ತೆಗೆದಿಡುವ ಹಾಗೆ ಮಾಡಿದ್ದೇನೆ. ತುಂಡು ಎತ್ತಿ, ಆ ಗುಂಡಿಯಲ್ಲಿ ಸಣ್ಣ ಟ್ರೈಪಾಡ್ ನಿಲ್ಲಿಸುತ್ತೇನೆ. ಇಷ್ಟು ಮಾಡಲು ಜಾಗವಿಲ್ಲದಿದ್ದರೆ ಫೋನ್ ಇದೆಯಲ್ಲ. ಅದನ್ನು ತಲೆಕೆಳಗಾಗಿ ಹಿಡಿದರೆ ಮೂಲೆಯ ಲೆನ್ಸು ಹಳಿಗೆ ತಾಗುವಷ್ಟು ಕೆಳಗೆ ಬರುತ್ತದೆ. ಸುರಂಗದ ಒಳಗಿನಿಂದ ಹೊರಗೆ ನೋಡುವ ಚಿತ್ರಗಳನ್ನು ನಾನು ಹೀಗೇ ತೆಗೆಯುತ್ತೇನೆ. ಆಮೇಲೆ ಚಿತ್ರ ತಿರುಗಿಸಿಕೊಂಡರಾಯಿತು.

ಎರಡನೆಯ ಕಾರಣ ಫೋಕಸ್. ಇಷ್ಟು ಕೆಳಗೆ, ಇಷ್ಟು ಹತ್ತಿರ ಹೋದರೆ ಚೂಪಾಗಿ ಬರುವ ಪಟ್ಟಿ ಬಹಳ ಸಣ್ಣದು. ನನ್ನ ಕ್ಯಾಮೆರಾದ್ದು ಎಪಿಎಸ್-ಸಿ ಎಂಬ ಗಾತ್ರದ ಸೆನ್ಸರ್, 35 ಮಿಲಿಮೀಟರ್ ಲೆನ್ಸು. ಅಪರ್ಚರ್, ಅಂದರೆ ಲೆನ್ಸಿನ ರಂಧ್ರ, ಎಫ್/8 ಇಟ್ಟು (ಈ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಸಣ್ಣದು) 30 ಸೆಂಟಿಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸಿಗುವುದು ಎರಡು ಸೆಂಟಿಮೀಟರ್. ಎಂಜಿನ್ ಒಂದೇ ಹತ್ತಿರ ಹತ್ತಿರ ಒಂದು ಗೇಣು ಇದೆ. ಮೂತಿ ಚೂಪು, ಉಳಿದದ್ದೆಲ್ಲ ಮಂಜು. ನಿಜವಾದ ರೈಲಿನ ಫೋಟೋದಲ್ಲಿ ಹೀಗಾಗುವುದಿಲ್ಲ ಎಂದು ನೋಡುವವರಿಗೆ ಗೊತ್ತು. ಹಾಗಾಗಿ ತಕ್ಷಣ 'ಓ, ಇದು ಚಿಕ್ಕದು' ಅನ್ನಿಸಿಬಿಡುತ್ತದೆ. ಎಫ್/22ಕ್ಕೆ ಹೋದರೂ ಆರು ಸೆಂಟಿಮೀಟರ್ ಮುಟ್ಟುವುದಿಲ್ಲ. ಜೊತೆಗೆ ಅಷ್ಟು ಸಣ್ಣ ರಂಧ್ರದಲ್ಲಿ ಬೆಳಕು ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಈ ಹೋರಾಟ ಹಳೆಯದು. ಅಮೆರಿಕದ ಮಾಂಟೆರಿಯಲ್ಲಿ ಜಾನ್ ಅಲೆನ್ ಎಂಬ ವೃತ್ತಿಪರ ಛಾಯಾಗ್ರಾಹಕರು 'ಗೋರಿ ಅಂಡ್ ಡಿಫೀಟೆಡ್' ಎಂಬ ಲೇಔಟ್ ಕಟ್ಟಿದ್ದರು. ಅವರು ತೀರಾ ಸಣ್ಣ ಅಪರ್ಚರ್ ಇಟ್ಟು, ಬಹಳ ಹೊತ್ತು ಶಟರ್ ತೆರೆದಿಟ್ಟು ಚಿತ್ರ ತೆಗೆಯುತ್ತಿದ್ದರು. 1973ರಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಲೇಔಟ್ ಬೆಂಕಿಗೆ ಹೋಯಿತು. ಇವತ್ತು ಜಗತ್ತಿಗೆ ಅದು ಗೊತ್ತಿರುವುದು ಹೆಚ್ಚಾಗಿ ಆ ಚಿತ್ರಗಳಿಂದಲೇ. ಅವರ ಕೈಯಲ್ಲಿ ಫೋಕಸ್ ಸ್ಟ್ಯಾಕಿಂಗ್ ಇದ್ದಿದ್ದರೆ ಏನೆಲ್ಲ ತೆಗೆಯುತ್ತಿದ್ದರೋ!

ಸ್ಟ್ಯಾಕಿಂಗ್ ಅಂದರೆ ಕ್ಯಾಮೆರಾ ಅಲುಗಿಸದೆ, ಫೋಕಸ್ ಮಾತ್ರ ಸ್ವಲ್ಪ ಸ್ವಲ್ಪ ಸರಿಸುತ್ತಾ ಹಲವು ಚಿತ್ರ ತೆಗೆದು, ಪ್ರತಿಯೊಂದರ ಚೂಪಾದ ಭಾಗವನ್ನು ಒಂದಾಗಿಸುವುದು. ನಾನು ಹತ್ತಿರದಿಂದ ದೂರಕ್ಕೆ ಹೋಗುತ್ತೇನೆ. ಮೊದಲ ಚಿತ್ರದ ಫೋಕಸ್ ತೀರಾ ಮುಂದಿರುವ ಜಲ್ಲಿಕಲ್ಲಿಗಿಂತಲೂ ಒಂಚೂರು ಈಚೆ ಇರಬೇಕು. ಇಲ್ಲದಿದ್ದರೆ ಕೆಳಗಿನ ಅಂಚು ಮಸುಕಾಗಿ ಉಳಿಯುತ್ತದೆ. ಒಂದು ಚಿತ್ರದ ಚೂಪು ಪಟ್ಟಿ ಮುಂದಿನದರ ಮೇಲೆ ಮೂರನೇ ಒಂದು ಭಾಗದಷ್ಟಾದರೂ ಬೀಳಬೇಕು. ಹತ್ತಿರದಲ್ಲಿ ಹೆಜ್ಜೆ ಸಣ್ಣದು, ದೂರ ಹೋದ ಹಾಗೆ ದೊಡ್ಡದು. ದೂರ ಎರಡು ಪಟ್ಟಾದರೆ ಚೂಪು ಪಟ್ಟಿ ನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಆಗುತ್ತದೆ. 30 ಸೆಂಟಿಮೀಟರಿನಲ್ಲಿ ಎರಡಿದ್ದದ್ದು 60ರಲ್ಲಿ ಒಂಬತ್ತರ ಹತ್ತಿರ ಬರುತ್ತದೆ. ಕಾಲು ಮೀಟರಿನಿಂದ ಒಂದೂಕಾಲು ಮೀಟರ್‌ವರೆಗೆ ಹೋಗಲು ಈ ಲೆನ್ಸಿಗೆ 20 ಚಿತ್ರ ಧಾರಾಳ. ಫೋಕಸ್ ಬ್ರಾಕೆಟಿಂಗ್ ಇರುವ ಕ್ಯಾಮೆರಾ ಈ ಕೆಲಸ ತಾನೇ ಮಾಡುತ್ತದೆ. ಇಲ್ಲದಿದ್ದರೆ ಲೆನ್ಸಿನ ರಿಂಗ್ ಕೈಯಲ್ಲೇ ತಿರುಗಿಸಿ. ಕೀಟಗಳ ಫೋಟೋ ತೆಗೆಯುವವರು ಇಡೀ ಕ್ಯಾಮೆರಾವನ್ನೇ ಮುಂದೆ ತಳ್ಳುವ ಜಾರುಪಟ್ಟಿ ಬಳಸುತ್ತಾರೆ. ಲೇಔಟಿಗೆ ಅದು ಬೇಡ. ಕ್ಯಾಮೆರಾ ಜರುಗಿದರೆ ಮುಂದಿನ ಕಂಬ, ಹಿಂದಿನ ಗುಡ್ಡ ಬೇರೆ ಬೇರೆ ಲೆಕ್ಕದಲ್ಲಿ ಜರುಗುತ್ತವೆ, ಹೊಂದಿಕೆ ಕೆಡುತ್ತದೆ.

ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಐಎಸ್‌ಒ ಎಲ್ಲ ಮ್ಯಾನುಯಲ್, ಚಿತ್ರದಿಂದ ಚಿತ್ರಕ್ಕೆ ಬೆಳಕು, ಬಣ್ಣ ಬದಲಾಗಬಾರದು. ಫೈಲು ರಾ, ಅಂದರೆ ಸೆನ್ಸರ್ ಕೊಟ್ಟ ಹಾಗೇ ಉಳಿಸಿದ್ದು. ಸೀಲಿಂಗ್ ಫ್ಯಾನ್ ಆಫ್ ಮಾಡಲೇಬೇಕು, ಗಾಳಿಗೆ ಸ್ಪಂಜಿನ ಎಲೆಗಳು ಅಲುಗುತ್ತವೆ. ಚೌಕಟ್ಟಿನ ಸುತ್ತ ಸ್ವಲ್ಪ ಜಾಸ್ತಿ ಜಾಗ ಬಿಟ್ಟುಕೊಳ್ಳಿ. ಫೋಕಸ್ ಸರಿದಂತೆ ಚಿತ್ರದ ಗಾತ್ರವೂ ಕೊಂಚ ಬದಲಾಗುತ್ತದೆ, ಸಾಫ್ಟ್‌ವೇರ್ ಅದನ್ನು ಸರಿಹೊಂದಿಸುವಾಗ ಅಂಚುಗಳು ಹಾಳಾಗುತ್ತವೆ.

ಬೆಳಕಿನ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಸೂರ್ಯ ಒಬ್ಬನೇ, ಹಾಗಾಗಿ ನೆರಳೂ ಒಂದೇ ಇರಬೇಕು. ಕೋಣೆಯ ಎಲ್ಲ ದೀಪ ಆರಿಸಿ, ಒಂದೇ ಎಲ್‌ಇಡಿ ದೀಪವನ್ನು ಆದಷ್ಟು ದೂರ ಇಡುತ್ತೇನೆ. ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಾಳೆ. ಮಳೆಗಾಲದ ಚಿತ್ರ ಬೇಕಾದರೆ ದೀಪದ ಮುಂದೆ ಬಟರ್ ಪೇಪರ್ ಕಟ್ಟುತ್ತೇನೆ, ನೆರಳು ಕರಗಿಹೋಗುತ್ತದೆ. ಸಣ್ಣ ತುಂಡುಗಳನ್ನು ಬೆಳಗ್ಗೆ ತಾರಸಿಗೆ ಒಯ್ಯುವುದೂ ಉಂಟು. ನಿಜವಾದ ಬಿಸಿಲಿಗೆ ಸಮ ಯಾವುದೂ ಇಲ್ಲ. ಆದರೆ ಬಿಸಿಲಲ್ಲಿ ಇಡೀ ಸ್ಟ್ಯಾಕ್ ಒಂದೆರಡು ನಿಮಿಷದಲ್ಲಿ ಮುಗಿಯಬೇಕು. ತಡವಾದರೆ ನೆರಳು ಸರಿಯುತ್ತದೆ, ಮೋಡ ಬಂದರೆ ಮತ್ತೆ ಮೊದಲಿನಿಂದ.

ಹೆಡ್‌ಲೈಟ್ ಉರಿಯುತ್ತಿರುವಾಗ ಸ್ಟ್ಯಾಕ್ ತೆಗೆಯಬೇಡಿ. ಫೋಕಸ್ ದೂರ ಹೋದಾಗ ಆ ಚುಕ್ಕೆ ದೊಡ್ಡ ತಟ್ಟೆಯಾಗಿ ಹರಡಿ ಪಕ್ಕದ್ದನ್ನೆಲ್ಲ ನುಂಗುತ್ತದೆ. ನಾನು ದೀಪ ಆರಿಸಿ ಸ್ಟ್ಯಾಕ್ ಮುಗಿಸುತ್ತೇನೆ. ಆಮೇಲೆ ಎಂಜಿನ್ ಮೂತಿಗೆ ಫೋಕಸ್ ಇಟ್ಟು, ದೀಪ ಹಚ್ಚಿ ಒಂದೇ ಒಂದು ಚಿತ್ರ. ಅದನ್ನು ಫೋಟೋಶಾಪಿನಲ್ಲಿ 'ಲೈಟನ್' ಮೋಡ್‌ನಲ್ಲಿ ಮೇಲೆ ಕೂರಿಸುತ್ತೇನೆ.

ಇನ್ನು ಸಾಫ್ಟ್‌ವೇರ್. ಫೋಟೋಶಾಪಿನಲ್ಲೇ ಎಲ್ಲ ಚಿತ್ರಗಳನ್ನು ಲೇಯರ್‌ಗಳಾಗಿ ತೆರೆದು, 'ಆಟೋ ಅಲೈನ್' (ಒಂದರ ಮೇಲೊಂದು ಸರಿಯಾಗಿ ಕೂರಿಸುವುದು), ಆಮೇಲೆ 'ಆಟೋ ಬ್ಲೆಂಡ್' (ಒಂದಾಗಿಸುವುದು) ಕೊಟ್ಟರೆ ಸರಳ ದೃಶ್ಯಗಳು ಆಗಿಬಿಡುತ್ತವೆ. ದುಡ್ಡು ಬೇಡವೆಂದರೆ ಹ್ಯೂಗಿನ್ ಎಂಬ ಉಚಿತ ಸಾಫ್ಟ್‌ವೇರ್ ಜೊತೆ ಬರುವ ಅಲೈನ್ ಸಾಧನ ಮತ್ತು ಚಿತ್ರಗಳನ್ನು ಒಂದಾಗಿಸುವ ಎನ್‌ಫ್ಯೂಸ್ ಸಾಕು. ನಾನು ಬಳಸುವುದು ಹೆಲಿಕಾನ್ ಫೋಕಸ್. ಇದರಲ್ಲಿ ಎ, ಬಿ, ಸಿ ಎಂಬ ಮೂರು ವಿಧಾನಗಳಿವೆ. ಬಿ ವಿಧಾನ ಬಣ್ಣವನ್ನೂ ಮೈಯ ಒರಟುತನವನ್ನೂ ಹಾಗೇ ಉಳಿಸುತ್ತದೆ, ಆದರೆ ಎಲೆ, ತಂತಿ, ಕಂಬಗಳ ಅಂಚಿನಲ್ಲಿ ಎಡವುತ್ತದೆ. ಸಿ ವಿಧಾನ ಅಂಚುಗಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಕಾಂಟ್ರಾಸ್ಟನ್ನೂ ಕಾಳುಕಾಳಾದ ಚುಕ್ಕೆಗಳನ್ನೂ ಹೆಚ್ಚಿಸುತ್ತದೆ. ನಾನು ಎರಡೂ ಮಾಡಿ, ನೆಲ, ಬೋಗಿ, ಆಕಾಶಗಳನ್ನು ಬಿಯಿಂದ, ಮರ ಮತ್ತು ತಂತಿಗಳನ್ನು ಸಿಯಿಂದ ಮಾಸ್ಕ್ ಹಾಕಿ (ಬೇಡದ ಭಾಗ ಮರೆಮಾಡಿ) ತೆಗೆದುಕೊಳ್ಳುತ್ತೇನೆ.

ಯಾವ ವಿಧಾನಕ್ಕೂ ಬಗ್ಗದ ತೊಂದರೆ ಒಂದಿದೆ. ಲೆನ್ಸಿನ ತೀರಾ ಹತ್ತಿರ ಒಂದು ಟೆಲಿಗ್ರಾಫ್ ಕಂಬ ಇದೆ ಅಂದುಕೊಳ್ಳಿ. ಹಿಂದಿನ ಗುಡ್ಡಕ್ಕೆ ಫೋಕಸ್ ಮಾಡಿದಾಗ ಆ ಕಂಬ ಮಸುಕಾಗಿ ಅಗಲವಾಗುತ್ತದೆ, ತನ್ನ ಅಕ್ಕಪಕ್ಕದ ಗುಡ್ಡವನ್ನು ಮುಚ್ಚುತ್ತದೆ. ಅಲ್ಲಿನ ಚೂಪಾದ ಗುಡ್ಡ ಯಾವ ಚಿತ್ರದಲ್ಲೂ ಇಲ್ಲ. ಇಲ್ಲದ್ದನ್ನು ಸಾಫ್ಟ್‌ವೇರ್ ಎಲ್ಲಿಂದ ತರಬೇಕು? ಕಂಬದ ಸುತ್ತ ಒಂದು ಮಬ್ಬು ಪ್ರಭೆ ಉಳಿದುಬಿಡುತ್ತದೆ. ಇದಕ್ಕೆ ಮದ್ದು ಲೇಔಟಿನಲ್ಲೇ ಇದೆ. ಮುಂದಿನ ಕಂಬಗಳನ್ನೂ ಒಂದೆರಡು ಮರಗಳನ್ನೂ ನಾನು ಅಂಟಿಸಿಲ್ಲ, ತೂತಿಗೆ ಸಿಕ್ಕಿಸಿದ್ದೇನೆ. ಕಂಬ ಇಟ್ಟು ಒಂದು ಸ್ಟ್ಯಾಕ್, ಅದನ್ನು ಮೆಲ್ಲಗೆ ಕಿತ್ತು ಇನ್ನೊಂದು ಸ್ಟ್ಯಾಕ್. ಎರಡನೆಯದರ ಹಿನ್ನೆಲೆಯ ಮೇಲೆ ಮೊದಲನೆಯದರ ಕಂಬವನ್ನು ಕೂರಿಸಿದರೆ ಅಂಚು ಚೊಕ್ಕಟವಾಗಿ ಬರುತ್ತದೆ.

ಧೂಳಿನ ಮಾತು ಬೇಗ ಮುಗಿಸುತ್ತೇನೆ: ತೆಗೆಯುವ ಮೊದಲೇ ಮೆತ್ತನೆಯ ಬ್ರಷ್‌ನಿಂದ ಒರೆಸಿ. ಉಳಿದದ್ದಕ್ಕೆ ಫೋಟೋಶಾಪಿನ ಹೀಲಿಂಗ್ ಬ್ರಷ್ ಇದೆ.

ಎಲ್ಲವನ್ನೂ ಕೊನೆಯವರೆಗೆ ಚೂಪು ಮಾಡುವ ಆಸೆ ಬರುತ್ತದೆ. ನಾನು ಮಾಡುವುದಿಲ್ಲ. ನಮ್ಮ ದೊಡ್ಡಪ್ಪ ಆ ಘಾಟಿ ದಾರಿಯಲ್ಲಿ ರೈಲಿನ ಗಾರ್ಡ್ ಆಗಿದ್ದವರು. ಒಂದು ಪ್ರಿಂಟ್ ತೋರಿಸಿದಾಗ ಕನ್ನಡಕ ಏರಿಸಿ ನೋಡಿದರು. 'ಚೆನ್ನಾಗಿದೆ ಕಣೋ. ಆದ್ರೆ ಮಳೆಗಾಲದಲ್ಲಿ ಯಡಕುಮರೀಲಿ ಆ ಗುಡ್ಡ ಇಷ್ಟು ನಿಚ್ಚಳ ಕಾಣ್ತಾ ಇರ್ಲಿಲ್ಲ. ಕೊನೇ ಬೋಗಿಯಿಂದ ಎಂಜಿನ್ ಕಾಣಿಸಿದ್ರೆ ಪುಣ್ಯ' ಅಂದರು. ಅಲ್ಲಿಂದ ಸ್ಟ್ಯಾಕನ್ನು ಕೊನೆಯ ಬೋಗಿ ದಾಟಿ ಸ್ವಲ್ಪ ದೂರಕ್ಕೇ ನಿಲ್ಲಿಸುತ್ತೇನೆ. ಲೇಔಟಿನ ಹಿಂಬದಿಯಲ್ಲಿರುವ ಗುಡ್ಡಗಳ ಚಿತ್ರಪಟ ತಾನಾಗಿ ಮೆತ್ತಗಾಗುತ್ತದೆ. ಎಡಿಟಿಂಗ್‌ನಲ್ಲಿ ಅದರ ಮೇಲೆ ಬಿಳಿಬೂದಿ ಬಣ್ಣದ ತೆಳು ಲೇಯರ್, ಮೇಲಿನಿಂದ ಕೆಳಕ್ಕೆ ಕರಗುವ ಹಾಗೆ. ಹತ್ತಿರದ ಗುಡ್ಡಕ್ಕೆ ಕಡಿಮೆ, ಹಿಂದಿನದಕ್ಕೆ ಜಾಸ್ತಿ. ದೂರ ಹೋದ ಹಾಗೆ ಹಸಿರಿನ ಕಡುಪನ್ನೂ ಇಳಿಸುತ್ತೇನೆ. ಎರಡು ಮೀಟರಿನ ಕೋಣೆಯಲ್ಲಿ ಕಣಿವೆ ತೆರೆದುಕೊಳ್ಳುವುದು ಈ ಹಂತದಲ್ಲಿ.

ಈಗ ದೊಡ್ಡಪ್ಪನಿಗೆ ಪ್ರತಿ ಚಿತ್ರದ ಪ್ರಿಂಟ್ ಮೊದಲು ಹೋಗುತ್ತದೆ. ಪಕ್ಕದ ಸ್ಟೇಷನ್ ಸಿರಿಬಾಗಿಲು ಕಡೆಯ ಸುರಂಗದ ಬಾಯಿ ಇನ್ನೂ ಅವರಿಗೆ ಒಪ್ಪಿಗೆಯಾಗಿಲ್ಲ. ಕಲ್ಲಿನ ಮೇಲೆ ನೀರು ಇಳಿದ ಕಪ್ಪು ಗೆರೆಗಳು ಸಾಲದಂತೆ. ಅದನ್ನು ಎಡಿಟಿಂಗ್‌ನಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಈ ವಾರ ಬಣ್ಣ ಕಲಸಿ ಮಾಡೆಲ್ ಮೇಲೆಯೇ ಹಚ್ಚಿ, ಮತ್ತೆ ಸ್ಟ್ಯಾಕ್ ತೆಗೆಯುತ್ತೇನೆ.