ಇಂಟರ್‌ವಲ್ ಎಂದರೆ ಬಿಡುವು: ನನ್ನ ಅನುಭವ

ನನಗೆ 47 ವರ್ಷ ತುಂಬಿದಾಗ ತೂಕ 84 ಕೆ.ಜಿ., ಎತ್ತರ 168 ಸೆಂ.ಮೀ., ಸೊಂಟದ ಸುತ್ತಳತೆ 102 ಸೆಂ.ಮೀ. ಇತ್ತು. ಭಾರತೀಯ ಪುರುಷರಿಗೆ ಸೊಂಟದ ಅಳತೆ 90 ಸೆಂ.ಮೀ. ದಾಟಬಾರದೆಂದು ವೈದ್ಯರು ಹೇಳುವುದನ್ನು ಕೇಳಿದ್ದೆ. ಲೆಕ್ಕಪತ್ರ ನೋಡಿಕೊಳ್ಳುವ ಕೆಲಸದವನಾದ್ದರಿಂದ ಆ ಹನ್ನೆರಡು ಸೆಂಟಿಮೀಟರು ತೀರಿಸದೆ ಉಳಿದ ಬಾಕಿಯಂತೆ ತಲೆಯಲ್ಲಿ ಕೂತಿತ್ತು. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಸಮಯ ಕೊಡಲಾರೆ ಎನ್ನುವವರಿಗೆ ಇಂಟರ್‌ವಲ್ ಟ್ರೈನಿಂಗ್, ಅಂದರೆ ಸ್ವಲ್ಪ ಹೊತ್ತು ಬಿರುಸಾಗಿ ಓಡಿ ಸ್ವಲ್ಪ ಹೊತ್ತು ನಿಧಾನವಾಗಿ ನಡೆಯುವ ಕ್ರಮವೇ ತಕ್ಕದ್ದೆಂದು ಯಾರೋ ಹೇಳಿದರು. ನನಗೆ ಅದರಲ್ಲಿ ‘ಬಿರುಸು’ ಎಂಬ ಮಾತು ಮಾತ್ರ ಕೇಳಿಸಿತು.

ಮೊಬೈಲಿನಲ್ಲಿ ನೋಡಿದ ‘ತಬಾಟ’ ಕ್ರಮವನ್ನು ಮರುದಿನವೇ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಆರಂಭಿಸಿದೆ. 20 ಸೆಕೆಂಡು ಶಕ್ತಿಯಿದ್ದಷ್ಟು ಓಟ, 10 ಸೆಕೆಂಡು ಬಿಡುವು, ಹೀಗೆ ಎಂಟು ಸುತ್ತು. ಒಟ್ಟು ನಾಲ್ಕೇ ನಿಮಿಷ. ಕುವೆಂಪು ಅವರು ವಾಯುವಿಹಾರ ಮಾಡುತ್ತಿದ್ದ ಆ ದಂಡೆಯಲ್ಲಿ ನಾನು ಐದನೆಯ ಸುತ್ತಿಗೆ ಮರವೊಂದನ್ನು ಹಿಡಿದು ವಾಂತಿ ಮಾಡಿಕೊಂಡೆ. ನಾಲ್ಕನೆಯ ದಿನ ಎಡಗಾಲಿನ ಮೀನಖಂಡ ಹಿಡಿದುಕೊಂಡು, ಎರಡು ವಾರ ಮೆಟ್ಟಿಲು ಇಳಿಯುವುದಕ್ಕೂ ಗೋಡೆಯ ಆಸರೆ ಬೇಕಾಯಿತು. ಆ ಬಿಡುವಿನಲ್ಲಿ ಓದಿದಾಗ ತಿಳಿದದ್ದೆಂದರೆ, ಜಪಾನಿನ ಇಝುಮಿ ತಬಾಟ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಆ ಅಧ್ಯಯನ ನಡೆದದ್ದು ಚೆನ್ನಾಗಿ ಪಳಗಿದ ಯುವಕರ ಮೇಲೆ, ಅದೂ ನೆಲಕ್ಕೆ ಕಾಲು ಬಡಿಯಬೇಕಿಲ್ಲದ ಸ್ಥಿರ ಸೈಕಲ್ಲಿನ ಮೇಲೆ. ಎಂಬತ್ತನಾಲ್ಕು ಕೆ.ಜಿ.ಯ ಗುಮಾಸ್ತನೊಬ್ಬ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು ಅದನ್ನು ಅನುಕರಿಸಲಿ ಎಂದು ಅವರು ಎಲ್ಲಿಯೂ ಬರೆದಿರಲಿಲ್ಲ.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಮೇಲೆ ಮಾಡಿದೆ. ವೈದ್ಯರನ್ನು ಕಂಡು ರಕ್ತದೊತ್ತಡ, ಇಸಿಜಿ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡೆ. ತೊಂದರೆಯೇನೂ ಇಲ್ಲ, ಆದರೆ ಮೂರು ವಾರ ಬರೀ ನಡೆಯಿರಿ, ಆಮೇಲೆ ಓಡುವಿರಂತೆ ಎಂದರು. ನಡೆದೆ.

ಈ ತರಬೇತಿಯ ಹೆಸರಿನ ಹಿಂದಿರುವ ಸಂಗತಿ ನನ್ನ ಕಣ್ಣು ತೆರೆಸಿತು. ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಷ್ಲರ್ ಮತ್ತು ಹೃದಯ ವೈದ್ಯ ಹರ್ಬರ್ಟ್ ರೈಂಡೆಲ್ ಈ ಕ್ರಮವನ್ನು ರೂಪಿಸಿದಾಗ, ಹೃದಯ ಬಲಗೊಳ್ಳುವುದು ಓಟದಲ್ಲಲ್ಲ, ಓಟಗಳ ನಡುವಿನ ಬಿಡುವಿನಲ್ಲಿ ಎಂದು ಅವರು ನಂಬಿದ್ದರು. ಓಡಿ ಹೃದಯದ ಬಡಿತವನ್ನು ನಿಮಿಷಕ್ಕೆ ಸುಮಾರು 180ಕ್ಕೆ ಏರಿಸಿ, ಬಿಡುವಿನಲ್ಲಿ ಅದು 120ಕ್ಕೆ ಇಳಿದ ಮೇಲೆಯೇ ಮುಂದಿನ ಓಟ. 90 ಸೆಕೆಂಡಿನೊಳಗೆ ಇಳಿಯದಿದ್ದರೆ ಹಿಂದಿನ ಓಟ ಅತಿಯಾಯಿತೆಂದು ಅರ್ಥ. ಗೆರ್ಷ್ಲರ್ ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರು ಓಟವನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. ಬಿಡುವಿನ ಕುರಿತ ಗೆರ್ಷ್ಲರ್ ಮತ್ತು ರೈಂಡೆಲ್ ಅವರ ವಿವರಣೆಯನ್ನು ಇಂದಿನ ವಿಜ್ಞಾನ ಪೂರ್ತಿಯಾಗಿ ಒಪ್ಪುವುದಿಲ್ಲವಾದರೂ, 120ರ ಆ ಕಟ್ಟಳೆ ನನ್ನಂಥ ಆತುರಗಾರನಿಗೆ ಹೇಳಿಮಾಡಿಸಿದಂತಿತ್ತು. ಸಿನಿಮಾ ಮಂದಿರದಲ್ಲಿ ಇಂಟರ್‌ವಲ್ ಎಂದರೆ ಬಿಡುವು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಕೆರೆಯ ದಂಡೆಯ ಮೇಲೆ ಮಾತ್ರ ನಾನು ಅದನ್ನು ಮರೆತಿದ್ದೆ.

ನನ್ನ ಲೆಕ್ಕ ಹೀಗಿತ್ತು. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ, ನನಗದು 173. ಅದರ ಶೇ. 85ರಿಂದ 90, ಅಂದರೆ 147ರಿಂದ 156ರ ನಡುವೆ ಓಟದ ಕೊನೆಯ ಬಡಿತ ಇರಬೇಕು. ಬಿಡುವಿನಲ್ಲಿ 120ಕ್ಕೆ ಇಳಿಯಬೇಕು. ಇದಕ್ಕೆ ದುಬಾರಿ ಗಡಿಯಾರ ಬೇಕಿಲ್ಲ. ನಿಂತು, ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ, 30 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮುಂದಿನ ಓಟಕ್ಕೆ ಹೊರಡುತ್ತಿದ್ದೆ. ನಾಡಿ ಸಿಗದ ದಿನಗಳಿಗೆ ಇನ್ನೊಂದು ಪರೀಕ್ಷೆಯಿತ್ತು: ನಡೆಯುತ್ತಲೇ ಹದಿನೇಳರ ಮಗ್ಗಿಯನ್ನು ‘ಹದಿನೇಳೊಂದ್ಲ ಹದಿನೇಳು’ ಎಂದು ಆರಂಭಿಸಿ ಏದುಸಿರಿಲ್ಲದೆ ಐದು ಸಾಲು ಹೇಳಲಾದರೆ ಬಿಡುವು ಸಾಕಾಗಿದೆ, ಓಡುವಾಗ ಒಂದು ಸಾಲನ್ನೂ ಪೂರ್ತಿ ಹೇಳಲಾಗದಿದ್ದರೆ ಓಟ ಸರಿಯಾಗಿದೆ. ಎದುರಿಗೆ ಬರುತ್ತಿದ್ದವರು ಒಂದೆರಡು ದಿನ ತಿರುಗಿ ನೋಡಿದರು, ಆಮೇಲೆ ರೂಢಿಯಾಯಿತು. ರಕ್ತದೊತ್ತಡಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ಹೃದಯದ ಬಡಿತವನ್ನೇ ತಗ್ಗಿಸುವುದರಿಂದ ಅಂಥವರಿಗೆ ಈ ಅಂಕಿಗಳು ಹೊಂದುವುದಿಲ್ಲ ಎಂಬ ಎಚ್ಚರಿಕೆಯನ್ನು ವೈದ್ಯರೇ ಕೊಟ್ಟಿದ್ದರು.

ಮೊದಲ ಎರಡು ವಾರ 30 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಆರು ಸುತ್ತು. ಮುಂದೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಎಂಟು ಸುತ್ತು. ಮುಂಚೆ ಹತ್ತು ನಿಮಿಷ ನಡಿಗೆಯಿಂದ ಮೈ ಬೆಚ್ಚಗಾಗಿಸಿಕೊಳ್ಳುವುದನ್ನು ಒಂದು ದಿನವೂ ಬಿಡಲಿಲ್ಲ, ಮೀನಖಂಡದ ನೆನಪು ಹಸಿಯಾಗಿತ್ತು. ವಾರಕ್ಕೆ ಮೂರು ದಿನ ಈ ಅಭ್ಯಾಸ, ಎಂಟು ವಾರ ನಡೆಯಿತು. ಏದುಸಿರು ಕಡಿಮೆಯಾಯಿತು, ಕಚೇರಿಯ ಮೂರನೆಯ ಮಹಡಿಗೆ ನಿಲ್ಲದೆ ಹತ್ತುವಂತಾಯಿತು. ತೂಕ ಮಾತ್ರ ಇಳಿದದ್ದು 800 ಗ್ರಾಂ.

ಬೇಸರವಾದದ್ದು ನಿಜ. ಆದರೆ ಕಾಗದ ಹಿಡಿದು ಕುಳಿತರೆ ಲೆಕ್ಕ ಹೆಚ್ಚುಕಡಿಮೆ ತಾಳೆಯಾಯಿತು. ಒಂದು ದಿನದ ಅಭ್ಯಾಸಕ್ಕೆ ನನ್ನ ತೂಕದವನಿಗೆ ಅಂದಾಜು 200 ಕ್ಯಾಲೊರಿ ಖರ್ಚಾಗುತ್ತದೆ. 24 ದಿನಕ್ಕೆ 4,800. ಒಂದು ಕೆ.ಜಿ. ದೇಹದ ಕೊಬ್ಬಿನಲ್ಲಿರುವುದು ಸುಮಾರು 7,700. ಓಟ ಮುಗಿದ ಮೇಲೂ ದಿನವಿಡೀ ಕೊಬ್ಬು ಕರಗುತ್ತಲೇ ಇರುತ್ತದೆಂದು ಜಿಮ್ಮಿನವರು ಹೇಳುವ ಮಾತು ಸುಳ್ಳಲ್ಲ, ಆದರೆ ಆ ಹೆಚ್ಚುವರಿ ಖರ್ಚು ತೀರ ಸಣ್ಣದು. ಕೊಬ್ಬು ಇಳಿಸುವ ವಿಷಯದಲ್ಲಿ ಇಂಟರ್‌ವಲ್ ಅಭ್ಯಾಸಕ್ಕೂ ಒಂದೇ ವೇಗದ ದೀರ್ಘ ನಡಿಗೆಗೂ ದೊಡ್ಡ ಅಂತರವಿಲ್ಲವೆಂದೇ ಇವೆರಡನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟಾಗಿ ನೋಡಿದಾಗ ಕಾಣುತ್ತದೆ. ಉಳಿಯುವುದು ಸಮಯ, ಹೆಚ್ಚುವುದು ಉಸಿರಿನ ಕಸುವು. ಮೇಲಾಗಿ ಅಭ್ಯಾಸದ ದಿನಗಳಲ್ಲಿ ಮನೆಗೆ ಬರುವ ದಾರಿಯಲ್ಲಿ ಇಡ್ಲಿಯ ಜೊತೆಗೆ ಉದ್ದಿನ ವಡೆಯನ್ನೂ ತಿನ್ನುತ್ತಿದ್ದೆ, ದುಡಿದಿದ್ದೇನಲ್ಲ ಎಂಬ ಧೈರ್ಯದಿಂದ. “ರೀ, ನೀವು ಓಡುವುದು ವಡೆಗೋ ಆರೋಗ್ಯಕ್ಕೋ?” ಎಂದು ಹೆಂಡತಿ ಕೇಳಿದ ಮೇಲೆ ವಡೆ ನಿಂತಿತು.

ಊಟದಲ್ಲಿ ಹೆಚ್ಚೇನೂ ಬದಲಿಸಲಿಲ್ಲ. ರಾತ್ರಿಯ ಅನ್ನವನ್ನು ಅರ್ಧಕ್ಕೆ ಇಳಿಸಿ, ಆ ಜಾಗಕ್ಕೆ ಹೆಸರುಬೇಳೆ ಕೋಸಂಬರಿ ಅಥವಾ ಮೊಳಕೆ ಹುರುಳಿಯ ಪಲ್ಯ ತಂದೆ. ಕಾಫಿಯ ಸಕ್ಕರೆ ಬಿಟ್ಟೆ. ಮುದ್ದೆ ತಿಂದರೆ ತೂಕ ಇಳಿಯುತ್ತದೆಂದು ನಂಬಿ ಎರಡು ಮುದ್ದೆ ಉಣ್ಣುವವರನ್ನು ನೋಡಿದ್ದೇನೆ. ಗ್ರಾಂ ಲೆಕ್ಕದಲ್ಲಿ ರಾಗಿ ಹಿಟ್ಟಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ದಿನಕ್ಕೆ ಸುಮಾರು 250 ಕ್ಯಾಲೊರಿಯ ಈ ಉಳಿತಾಯದಿಂದ ಮುಂದಿನ ಐದು ತಿಂಗಳಲ್ಲಿ ತೂಕ 78ಕ್ಕೆ, ಸೊಂಟ 94ಕ್ಕೆ ಬಂತು.

ನಡುವೆ ಮತ್ತೊಮ್ಮೆ ಆತುರಬಿದ್ದು ಬಿರುಸಿನ ದಿನಗಳನ್ನು ನಾಲ್ಕಕ್ಕೆ ಏರಿಸಿದ್ದೆ. ಹಾಸಿಗೆಯಿಂದ ಏಳುವ ಮೊದಲು ಎಣಿಸುವ ನಾಡಿ 70ರಿಂದ 78ಕ್ಕೆ ಏರಿತು, ನಿದ್ದೆ ಕೆಟ್ಟಿತು, ಸಣ್ಣ ವಿಷಯಕ್ಕೂ ರೇಗತೊಡಗಿದೆ. ಅಂದಿನಿಂದ ವಾರಕ್ಕೆ ಎರಡೇ ದಿನ ಬಿರುಸು, ಮೂರು ದಿನ ಮುಕ್ಕಾಲು ಗಂಟೆಯ ನಡಿಗೆ. ಎರಡರಲ್ಲಿ ಒಂದು ದಿನ ನಾರ್ವೆಯವರು ಬಳಕೆಗೆ ತಂದ ನಾಲ್ಕು ನಿಮಿಷದ ಕ್ರಮ: ನಾಲ್ಕು ನಿಮಿಷ ಓಟ, ಮೂರು ನಿಮಿಷ ನಡಿಗೆ, ನಾಲ್ಕು ಸುತ್ತು. ಅವರು ಗರಿಷ್ಠ ಬಡಿತದ ಶೇ. 90ರಿಂದ 95 ಹೇಳುತ್ತಾರೆ. ನಾನು 90ಕ್ಕೇ ನಿಲ್ಲಿಸುತ್ತೇನೆ.

ಇನ್ನೊಂದು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು. ಸಾವಿರಕ್ಕೂ ಮಿಕ್ಕಿದ ಆ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತುವ ಹುಚ್ಚಿಲ್ಲ. ಒಂದು ನಿಮಿಷ ಬೇಗ ಹತ್ತಿ, ನಾಡಿ 120ಕ್ಕೆ ಬರುವ ತನಕ ಒಂದೊಂದೇ ಮೆಟ್ಟಿಲು. ಹತ್ತುವಾಗ ಪಾದ ನೆಲಕ್ಕೆ ಅಪ್ಪಳಿಸದ ಕಾರಣ ಮೀನಖಂಡಕ್ಕೆ ಓಟದಷ್ಟು ಪೆಟ್ಟಿಲ್ಲ, ಪೆಟ್ಟೆಲ್ಲ ಇಳಿಯುವಾಗ ಮಂಡಿಗೆ. ಆಷಾಢದ ಶುಕ್ರವಾರಗಳಂದು ಹೆಂಗಸರು ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಏರುತ್ತಿರುತ್ತಾರೆ, ಆಗ ನಾನು ಅತ್ತ ಹೋಗುವುದಿಲ್ಲ. ಉಳಿದ ವಾರಗಳಲ್ಲಿ ಮೇಲೆ ತಲುಪಿ, ನೀರು ಕುಡಿದು, ಮಂಡಿಯ ಮೇಲೆ ಕರುಣೆಯಿಟ್ಟು ನಗರ ಸಾರಿಗೆಯ ಬಸ್ಸಿನಲ್ಲಿ ಕೆಳಗೆ ಬರುತ್ತೇನೆ.