ಡೇರೆ ಹೂವಿಗೆ ಬೀಜ ಕಟ್ಟಿಸಿದ್ದು

ಸಾಗರದ ಕಡೆಯ ನಮ್ಮೂರಲ್ಲಿ ಡಾಲಿಯಾಕ್ಕೆ ಡೇರೆ ಎನ್ನುತ್ತೇವೆ. ಮಳೆ ಹಿಡಿಯುವ ಮೊದಲು ಗಡ್ಡೆ ನೆಟ್ಟರೆ ಶ್ರಾವಣದ ಹೊತ್ತಿಗೆ ಅಂಗಳ ತುಂಬ ಹೂವು. ನೆಂಟರ ಮನೆಗೆ ಹೋದವರು ಬರುವಾಗ ಒಂದು ಗಡ್ಡೆಯನ್ನೋ ಒಂದು ಕುಡಿಯನ್ನೋ ತಾರದೆ ಬರುವುದಿಲ್ಲ. ನನ್ನ ಹತ್ತಿರ ಈಗ ಇಪ್ಪತ್ತಾರು ಬಣ್ಣ ಇವೆ, ಎಲ್ಲ ಹಾಗೆ ಕೈಯಿಂದ ಕೈಗೆ ಬಂದವು.

ಬೀಜ ಮಾಡುವ ಆಸೆ ಹುಟ್ಟಿದ್ದು ಒಂದೇ ಕಾರಣಕ್ಕೆ. ನಮ್ಮ ಅತ್ತೆಯ ಕಾಲದ ಒಂದು ಕೇಸರಿ ಡೇರೆ ಇದೆ. ಹೂವು ಸಣ್ಣದು, ಎಸಳು ಎರಡೇ ಸುತ್ತು, ಆದರೆ ಎಂಥ ಜಡಿಮಳೆಗೂ ದಂಟು ಬಾಗುವುದಿಲ್ಲ. ಇನ್ನೊಂದು ತವರಿನಿಂದ ತಂದ ಬಿಳಿಯದು. ಊಟದ ತಟ್ಟೆಯಷ್ಟು ಅಗಲ ಅರಳುತ್ತದೆ, ಎರಡು ದಿನ ಮಳೆ ಹೊಯ್ದರೆ ನೀರು ಕುಡಿದು ತಲೆ ಬಗ್ಗಿಸುತ್ತದೆ. ಇವೆರಡರ ಗುಣ ಒಂದೇ ಗಿಡದಲ್ಲಿ ಬಂದರೆ? "ಗಡ್ಡೆ ಇಟ್ಟರೆ ತಾಯಿಯದ್ದೇ ಹೂವು, ಬೀಜ ಹಾಕಿದರೆ ಎಂತದು ಬರ್ತದೆ ಅಂತ ಹೇಳ್ಲಿಕ್ಕಾಗ ತಂಗಿ" ಎಂದರು ಅತ್ತೆ. ಅವರ ಮಾತು ಪೂರ್ತಿ ನಿಜ. ಮನುಷ್ಯರಲ್ಲಿ ಗುಣಗಳನ್ನು ಹೊತ್ತ ಪ್ರತಿ ವರ್ಣತಂತುವಿನ ಎರಡೆರಡು ಪ್ರತಿ ಇದ್ದರೆ ತೋಟದ ಡೇರೆಯಲ್ಲಿ ಎಂಟೆಂಟು, ಒಟ್ಟು 64. ಬೀಜದಿಂದ ಬೀಜಕ್ಕೆ ಅವು ಬೇರೆ ರೀತಿ ಕೂಡುತ್ತವೆ, ಹಾಗಾಗಿ ಒಂದೇ ಹೂವಿನ ಹತ್ತು ಬೀಜ ಹಾಕಿದರೆ ಹತ್ತು ಗಿಡವೂ ಬೇರೆ ಬೇರೆ.

ಮೊದಲ ವರ್ಷ ಆಗಸ್ಟಿನಲ್ಲಿ ಮಾಡಿದೆ. ಹನ್ನೊಂದು ಹೂವಿಗೆ ಪರಾಗ ಮುಟ್ಟಿಸಿದ್ದೆ, ಹನ್ನೊಂದೂ ಕೊಳೆತವು. ಹೂವು ಬಾಡಿದ ಮೇಲೆ ಉಳಿಯುವ ಬೀಜದ ಮೊಗ್ಗು ಬಿಗಿಯಾಗಿ ಮುಚ್ಚಿಕೊಂಡಿರುತ್ತದಲ್ಲ, ಒಳಗೆ ಹೋದ ಮಳೆನೀರಿಗೆ ಹೊರಗೆ ಬರಲು ದಾರಿ ಇಲ್ಲ. ಹಿಂಡಿದರೆ ಕಂದು ನೀರು ತೊಟ್ಟಿಕ್ಕುತ್ತಿತ್ತು. ಬೀಜ ಬಲಿಯಲು ಐದಾರು ವಾರ ಬೇಕು, ನಮ್ಮ ಮಳೆಗಾಲದಲ್ಲಿ ಐದು ದಿನದ ಬಿಸಿಲೂ ಒಟ್ಟಿಗೆ ಸಿಗುವುದಿಲ್ಲ. ಬಯಲುಸೀಮೆಯಲ್ಲಿ ಡೇರೆ ಚಳಿಗಾಲದ ಹೂವು ಎಂಬುದು ಆಗ ನೆನಪಾಯಿತು. ಮರುವರ್ಷ ಚೌತಿಯ ಹೊತ್ತಿಗೆ ಎರಡೂ ಗಿಡದ ಕುಡಿ ಚಿವುಟಿ ಮರಳಲ್ಲಿ ನೆಟ್ಟೆ. ಮೂರು ವಾರಕ್ಕೆ ಬೇರು ಬಂತು, ಕುಂಡಕ್ಕೆ ಬದಲಾಯಿಸಿದೆ. ಹೂವು ಬಂದದ್ದು ನವೆಂಬರ್ ಕೊನೆಗೆ, ಮಳೆ ಹೋಗಿ ಇಬ್ಬನಿ ಶುರುವಾದ ಮೇಲೆ. ನಮ್ಮ ಕಡೆ ಬೀಜ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಹೂವಿನ ಕಾಲವನ್ನು ಮುಂದೆ ತಳ್ಳಿ.

ಇನ್ನು ಪರಾಗದ ಕೆಲಸ. ನಾವು ಒಂದು ಹೂವು ಎನ್ನುವುದು ನಿಜವಾಗಿ ನೂರಾರು ಕಿರುಹೂಗಳ ಗೊಂಚಲು, ಸೂರ್ಯಕಾಂತಿಯ ಹಾಗೆ. ನಡುವಿನ ಹಳದಿ ಬಟ್ಟಲಿನಲ್ಲಿರುವ ಕಿರುಹೂಗಳು ಹೊರಸುತ್ತಿನಿಂದ ಒಳಕ್ಕೆ, ದಿನಕ್ಕೆ ಒಂದೆರಡು ಸುತ್ತಿನಂತೆ ಅರಳುತ್ತವೆ. ಪ್ರತಿಯೊಂದೂ ಮೊದಲು ಪರಾಗ ಉದುರಿಸುತ್ತದೆ. ಒಂದೆರಡು ದಿನ ಬಿಟ್ಟು ಅದರ ನಡುವಿನಿಂದ ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗದ ತುದಿ, ಮೇಲೆದ್ದು ಎರಡು ಕವಲಾಗಿ ಬಿಚ್ಚಿಕೊಳ್ಳುತ್ತದೆ. ಕವಲು ಬಿಚ್ಚಿದಾಗಲೇ ಪರಾಗ ಮುಟ್ಟಿಸಬೇಕು. ತನ್ನದೇ ಪರಾಗಕ್ಕೆ ಡೇರೆ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ, ಅದು ನಮಗೆ ಅನುಕೂಲವೇ. ಹೆದರಿಕೆ ಇರುವುದು ಬೇರೆ ಹೂವಿನ ಪರಾಗ ತಂದುಬಿಡುವ ಜೇನಿನದು.

ನಡು ತೆರೆದಿರುವ ಕೇಸರಿಯನ್ನು ತಾಯಿ ಮಾಡಿದೆ. ಹಿಂದಿನ ಸಂಜೆಯೇ ಹಳೇ ಸೊಳ್ಳೆಪರದೆಯ ತುಂಡಿನಿಂದ ಚೀಲ ಹೊಲಿದು ಹೂವಿಗೆ ಕಟ್ಟಿದೆ. ದೊಡ್ಡ ಬಿಳಿಯದರಲ್ಲಿ ಹೊಸ ಹೂವಿಗೆ ಪರಾಗವೇ ಕಾಣುವುದಿಲ್ಲ, ಹೂವು ಹಳತಾಗಿ ಹಿಂದಿನ ಎಸಳು ಬಾಡುವಾಗ ನಡು ತೆರೆದುಕೊಳ್ಳುತ್ತದೆ. ಅದಕ್ಕಾಗಿ ಕಾದೆ. ಬೆಳಿಗ್ಗೆ ಹತ್ತರ ಮೇಲೆ, ಇಬ್ಬನಿ ಪೂರ್ತಿ ಆರಿದ ನಂತರ, ಮಗಳ ಬಣ್ಣದ ಬ್ರಷ್ಷಿನಲ್ಲಿ ಹಳದಿ ಪುಡಿ ತೆಗೆದು ಕೇಸರಿಯ ಕವಲುಗಳಿಗೆ ಸವರಿದೆ. ಸುತ್ತುಗಳು ಒಂದೊಂದಾಗಿ ಅರಳುವುದರಿಂದ ಐದು ದಿನ ಇದೇ ಕೆಲಸ. ಆಮೇಲೆ ಹೊರ ಎಸಳನ್ನು ಕತ್ತರಿಯಿಂದ ಗಿಡ್ಡ ಮಾಡಿದೆ, ಇಲ್ಲದಿದ್ದರೆ ಬಾಡಿದ ಎಸಳು ಅಂಟಿಕೊಂಡು ಬೂಷ್ಟು ಹಿಡಿಯುತ್ತದೆ. ದಂಟಿಗೆ ಕೆಂಪು ಉಲ್ಲನ್ ದಾರ, ಪುಸ್ತಕದಲ್ಲಿ ತಾರೀಖು. ಯಾವುದಕ್ಕೆ ಯಾವುದು ಎಂದು ಬರೆದಿಡದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಡಿಸೆಂಬರಿನಲ್ಲಿ ಮೂರು ದಿನ ಅಕಾಲ ಮಳೆ ಬಂತು. ಬೀಜದ ಮೊಗ್ಗು ಆಗಲೇ ನಾಲ್ಕು ವಾರದ್ದು. ಉದ್ದ ದಂಟಿನ ಸಮೇತ ಕೊಯ್ದು ನೀರಿನ ಬಾಟಲಿಯಲ್ಲಿ ನಿಲ್ಲಿಸಿ ಅಡಿಗೆಮನೆಯ ಕಿಟಕಿಯಲ್ಲಿಟ್ಟೆ, ಎರಡು ದಿನಕ್ಕೊಮ್ಮೆ ನೀರು ಬದಲಿಸಿದೆ. ಅಲ್ಲಿಯೇ ಬಲಿತು ಹುಲ್ಲಿನ ಬಣ್ಣಕ್ಕೆ ತಿರುಗಿದವು. ಬಿಡಿಸಿದರೆ ಉದ್ದನೆಯ, ಚಪ್ಪಟೆ, ಕಪ್ಪು ಬೀಜ. ಬೆರಳಲ್ಲಿ ಒತ್ತಿದಾಗ ಗಟ್ಟಿ ಸಿಕ್ಕವು ಅರವತ್ತೆರಡು.

ಏಪ್ರಿಲ್ ಕೊನೆಗೆ ಅಡಿಕೆ ಹಾಳೆ ಮಡಚಿ ತೊಟ್ಟಿ ಮಾಡಿ, ಸೊಪ್ಪಿನ ಗೊಬ್ಬರ ಮತ್ತು ಮರಳು ಬೆರೆಸಿ ಬಿತ್ತಿದೆ. ಆರನೇ ದಿನ ಮೊಳಕೆ, ಒಟ್ಟು ನಲವತ್ತೊಂದು. ಎಂಟನ್ನು ಬಸವನಹುಳು ಒಂದೇ ರಾತ್ರಿಯಲ್ಲಿ ತಿಂದಿತು. ಆಮೇಲೆ ತೊಟ್ಟಿಯ ಸುತ್ತ ಒಲೆಬೂದಿ ಹಾಕಿದೆ. ಸಸಿಯಿದ್ದಾಗಲೇ ದಂಟಿನ ಬಣ್ಣ ನೋಡಬಹುದು. ದಂಟು ಕೆಂಪಗಿದ್ದವು ಹೆಚ್ಚಾಗಿ ಗಾಢ ಬಣ್ಣಕ್ಕೆ ಹೋದವು, ಹಸಿರಿದ್ದವು ಬಿಳಿ, ಹಳದಿಗೆ.

ಆಗಸ್ಟಿನಲ್ಲಿ ಮೊದಲ ಹೂವು. ಮೂವತ್ಮೂರರಲ್ಲಿ ಇಪ್ಪತ್ತಾರು ಒಂದೇ ಸುತ್ತಿನ ಎಸಳಿನವು, ನಡುವೆ ಹಳದಿ. 1789ರಲ್ಲಿ ಮೆಕ್ಸಿಕೋದಿಂದ ಮ್ಯಾಡ್ರಿಡ್‌ಗೆ ಬೀಜ ಹೋದ ಕಾಲದ ಡೇರೆಗೆ ಇವು ಹತ್ತಿರದವು. ನನ್ನ ಬಿಳಿಯ ದೊಡ್ಡ ಹೂವಿನ ಹಿಂದೆ ಎಷ್ಟು ಜನರ ಎಷ್ಟು ವರ್ಷದ ಆಯ್ಕೆ ಇದೆ ಎಂದು ಅವನ್ನು ನೋಡಿದಾಗಲೇ ತಿಳಿದದ್ದು. ಒಂದೊಂದು ಗಿಡವನ್ನೂ ಮಗುವಿನಂತೆ ಸಾಕಿದ್ದೆ, ಆದರೂ ಕೀಳಲೇಬೇಕು. ಕುಂಡವೂ ಇಲ್ಲ, ಜಾಗವೂ ಇಲ್ಲ. ಜೇನಿಗೆ ಇರಲಿ ಎಂದು ಆರನ್ನು ತೋಟದ ಅಂಚಿಗೆ ನೆಟ್ಟೆ.

ಇಟ್ಟುಕೊಂಡದ್ದು ಎರಡು. ಒಂದು ತಿಳಿ ಪೀಚ್ ಬಣ್ಣದ್ದು, ಅಂಗೈ ಅಗಲ, ನಾಲ್ಕು ಸುತ್ತು ಎಸಳು, ದಬ್ಬೆಯ ಆಸರೆ ಇಲ್ಲದೆ ಮಳೆಯಲ್ಲಿ ನಿಂತಿತು. ಇನ್ನೊಂದು ಬಿಳಿ, ತುದಿಯಲ್ಲಿ ಕೇಸರಿ ಛಾಯೆ. ಮೂರು ಮಳೆಗಾಲ ಇದೇ ಗುಣ ತೋರಿಸಿದರೆ ಮಾತ್ರ ಹಂಚುತ್ತೇನೆ. ಪೀಚ್ ಬಣ್ಣದ್ದು ಎರಡು ಮಳೆಗಾಲ ದಾಟಿದೆ. ಗಡ್ಡೆ ಈಗ ಅಟ್ಟದ ಮೇಲೆ ಮರಳಿನಲ್ಲಿದೆ, ಐದು ಕಣ್ಣು. ಒಂದನ್ನು ಅತ್ತೆ ಆಗಲೇ ತಮ್ಮ ತಂಗಿಯ ಮನೆಗೆ ಎಂದು ಕೇಳಿಟ್ಟಿದ್ದಾರೆ.